ಹಲ್ಲಿಗೊಂದು ಟೋಪಿ

ಹೋದ ಸಂಕ್ರಾಂತಿ ಮುಗಿದ ವಾರ ಅವ್ವನನ್ನ ಊರಿಂದ ಬೆಂಗಳೂರಿಗೆ ಕರ್ಕೊಂಡು ಬಂದೆ. ಹುರಿದ ಹುಣಸೆ ಬೀಜ ಕಡಿಯೋಕೆ ಹೋಗಿ ಕೆಳಗಿನ ದವಡೆ ಹಲ್ಲಿನ ಒಂದು ಮೂಲೆ ಎಗರಿಹೋಗಿತ್ತು. ಎರಡು ವಾರ ಲವಂಗ ಒತ್ತರಿಸ್ಕೊಂಡು ಯಾರಿಗೂ ಹೇಳದೆ ಕಾಲ ಹಾಕಿದ್ಲು. ರೂಟ್ ಕೆನಾಲ್ ಆಯ್ತು. ಆಮೇಲೆ ಡಾಕ್ಟರ್ ಮೇಡಂ ಒಂದು ಲ್ಯಾಮಿನೇಟ್ ಮಾಡಿದ ಕಾರ್ಡು ಕೈಗೆ ಕೊಟ್ರು. ಮೆಟಲ್ ಕ್ಯಾಪ್ 2,500. ಮೆಟಲ್ ಮೇಲೆ ಸಿರಾಮಿಕ್ 5,000. ಜಿರ್ಕೋನಿಯಾ 10,000. ಸಿರಾಮಿಕ್ ಲೇಯರ್ ಇರೋ ಪ್ರೀಮಿಯಂ ಜಿರ್ಕೋನಿಯಾ 18,000.

ಅವ್ವ ಕಾರ್ಡನ್ನ ದೂರ ಹಿಡಿದು ಓದಿದ್ಲು. “ಹಲ್ಲಿಗೆ ಟೋಪಿ ಹಾಕ್ತಾರೋ, ನಮ್ಗೆ ಹಾಕ್ತಾರೋ? ಕಿತ್ತಾಕ್ಸ್‌ಬುಡು ಮಗ, ಮುನ್ನೂರಕ್ಕೆ ಮುಗೀತದೆ.”

ನನ್ನ ಬೆರಳು ಆಗಲೇ 18,000ದ ಮೇಲಿತ್ತು. ಊರು ಬಿಟ್ಟು ಬಂದ ಮಕ್ಕಳಿಗೆಲ್ಲ ಈ ಕಾಯಿಲೆ ಇರುತ್ತೆ. ಅಪ್ಪ ಅವ್ವನ ಜೊತೆ ಇರೋಕಾಗಲ್ಲ, ಅದಕ್ಕೆ ಲಿಸ್ಟಿನಲ್ಲಿ ಎಲ್ಲಕ್ಕಿಂತ ದುಬಾರಿಯದನ್ನ ಆರಿಸಿ ಲೆಕ್ಕ ಚುಕ್ತಾ ಮಾಡ್ತೀವಿ. ಆದರೂ “ಒಂದು ವಾರ ಟೈಮ್ ಕೊಡಿ ಮೇಡಂ” ಅಂದೆ. ಹಳೇ ಕೋಡನ್ನ ಕೈಗೆತ್ಕೊಂಡಾಗ ನಾನು ಮೊದಲು ನೋಡೋದು ಅದರ ಚೇಂಜ್ ಲಾಗ್. ಈ ಸಾಲು ಯಾಕೆ ಬಂತು, ಯಾವ ಬಗ್ ಸರಿ ಮಾಡೋಕೆ ಬಂತು, ಬಂದಮೇಲೆ ಹೊಸದಾಗಿ ಏನು ಕೆಡಿಸ್ತು. ಹಲ್ಲಿನ ಕ್ಯಾಪಿಗೂ ಅಂಥದ್ದೊಂದು ಲಾಗ್ ಇರಬೇಕಲ್ಲ ಅನ್ನಿಸ್ತು. ಇದೆ. ಎರಡೂವರೆ ಸಾವಿರ ವರ್ಷಕ್ಕಿಂತ ಉದ್ದ ಇದೆ.

ಮೊದಲ ವರ್ಷನ್ ಚಿನ್ನದ್ದು. ರೋಮನ್ನರಿಗಿಂತ ಮುಂಚೆ ಇಟಲಿಯ ನಡುಭಾಗದಲ್ಲಿ ಎಟ್ರುಸ್ಕನ್ ಅನ್ನೋ ಜನ ಇದ್ರು. ಕ್ರಿಸ್ತಪೂರ್ವ 7ನೇ ಶತಮಾನದ ಹೊತ್ತಿಗೆ ಅವರು ತೆಳುವಾದ ಚಿನ್ನದ ಪಟ್ಟಿಯನ್ನ ಉಂಗುರದ ಹಾಗೆ ಮಾಡಿ, ಗಟ್ಟಿ ಹಲ್ಲುಗಳಿಗೆ ಸುತ್ತಿ, ನಡುವೆ ಬಿದ್ದುಹೋದ ಹಲ್ಲಿನ ಜಾಗಕ್ಕೆ ಬೇರೊಂದನ್ನ ಕೂರಿಸ್ತಿದ್ರು. ಗೋರಿಗಳಲ್ಲಿ ಸಿಕ್ಕ ಇಂಥ ಪಟ್ಟಿಗಳನ್ನ ಪರಿಶೀಲಿಸಿದವರು, ಇವು ಹೆಚ್ಚಾಗಿ ಹೆಂಗಸರ ಬಾಯಲ್ಲಿದ್ದವು ಅಂತಾರೆ. ಅಂದ್ರೆ ಅಗಿಯೋದಕ್ಕಿಂತ ನಗೋದಕ್ಕೆ. ಅರ್ಧ ಚಿಕಿತ್ಸೆ, ಅರ್ಧ ಒಡವೆ.

ಆದರೆ ಚಿನ್ನವನ್ನ ಆರಿಸಿದ್ದರಲ್ಲಿ ಜಂಬ ಮಾತ್ರ ಇರಲಿಲ್ಲ. ಬಾಯಿ ಅನ್ನೋದು ಲೋಹಕ್ಕೆ ನರಕ ಇದ್ದ ಹಾಗೆ. ಯಾವಾಗಲೂ ಒದ್ದೆ, ಉಪ್ಪು, ಹುಳಿ, ಬಿಸಿ ಮುದ್ದೆಯ ಹಿಂದೆಯೇ ತಣ್ಣೀರು. ಕಬ್ಬಿಣ ತುಕ್ಕು ಹಿಡಿಯುತ್ತೆ, ತಾಮ್ರ ಹಸಿರಾಗುತ್ತೆ, ಬೆಳ್ಳಿ ಕಪ್ಪಾಗುತ್ತೆ. ಚಿನ್ನ ಮಾತ್ರ ಯಾವುದಕ್ಕೂ ಜಗ್ಗಲ್ಲ. ಬಡಿದರೆ ಬಗ್ಗುತ್ತೆ, ಒಡೆಯಲ್ಲ. ಎದುರಿನ ಹಲ್ಲನ್ನ ಸವೆಸೋದೂ ಇಲ್ಲ.

ಚಿನ್ನದ ತೊಂದರೆ ಕೂರಿಸೋದ್ರಲ್ಲಿತ್ತು. 19ನೇ ಶತಮಾನದ ದಂತವೈದ್ಯರು ಚಿನ್ನದ ಪಟ್ಟಿಯನ್ನ ಹಲ್ಲಿನ ಸುತ್ತ ಬಗ್ಗಿಸಿ, ಮೇಲೊಂದು ಬಿಲ್ಲೆ ಬೆಸುಗೆ ಹಾಕ್ತಿದ್ರು. ಹೊರಗಿಂದ ನೋಡಿದ್ರೆ ಚೆಂದ. ಆದರೆ ವಸಡಿನ ಹತ್ತಿರ ಕೂದಲೆಳೆಯಷ್ಟು ಸಂದು ಉಳಿದ್ರೂ ಸಾಕು, ಅನ್ನದ ಅಗುಳು ಬೇಡ, ಎಂಜಲು ಸಾಕು, ಒಳಗಿನ ಹಲ್ಲು ಮೆಲ್ಲಗೆ ಕೊಳೆಯುತ್ತೆ. ಕ್ಯಾಪ್ ಹೊಳೀತಾ ಇರುತ್ತೆ, ಅಡಿಯಲ್ಲಿ ಹಲ್ಲೇ ಇರಲ್ಲ. ಹಲ್ಲಿನ ಅಚ್ಚಿಗೆ ಸರಿಯಾಗಿ ಕೂರೋ ಹಾಗೆ ಚಿನ್ನ ಎರಕ ಹೊಯ್ಯೋದು ಹೇಗೆ ಅನ್ನೋದೇ ಆ ಕಾಲದ ದೊಡ್ಡ ಪ್ರಶ್ನೆ.

ಇಲ್ಲಿ ಸ್ವಲ್ಪ ನಮ್ಮ ಬೀದರ್ ಕಡೆ ಬನ್ನಿ. 12ನೇ ಶತಮಾನದಲ್ಲಿ ಕಲ್ಯಾಣದಲ್ಲಿ, ಅಂದ್ರೆ ಈಗಿನ ಬಸವಕಲ್ಯಾಣದಲ್ಲಿ, ಆಳುತ್ತಿದ್ದ ಚಾಲುಕ್ಯ ರಾಜ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ ಅನ್ನೋ ಸಂಸ್ಕೃತ ಗ್ರಂಥ ಬರೆದ. ಅಡುಗೆ, ಆನೆ, ಸಂಗೀತ, ಆಡಳಿತ ಎಲ್ಲವೂ ಇರೋ ಆ ಪುಸ್ತಕದಲ್ಲಿ ಲೋಹದ ವಿಗ್ರಹ ಎರಕ ಹೊಯ್ಯುವ ವಿಧಾನವೂ ಇದೆ. ಮೊದಲು ಜೇನುಮೇಣದಲ್ಲಿ ವಿಗ್ರಹ ಮಾಡು. ಅದಕ್ಕೆ ನಾಳ ಇಡು. ಮೇಲೆ ನಯವಾದ ಮಣ್ಣನ್ನ ಪದರ ಪದರವಾಗಿ ಬಳಿದು ಒಣಗಿಸು. ಕಾಯಿಸಿದರೆ ಮೇಣ ಕರಗಿ ಹರಿದುಹೋಗುತ್ತೆ, ಅದರ ಜಾಗ ಖಾಲಿ ಉಳಿಯುತ್ತೆ. ಆ ಖಾಲಿಗೆ ಕರಗಿದ ಲೋಹ ಹೊಯ್ಯಿ. ಎಷ್ಟು ಲೋಹ ಬೇಕು ಅನ್ನೋದನ್ನ ಮೊದಲೇ ಮೇಣ ತೂಗಿ ಲೆಕ್ಕ ಹಾಕಬೇಕು. ಹಿತ್ತಾಳೆಗೆ ಮೇಣದ ಇಷ್ಟು ಪಟ್ಟು, ಬೆಳ್ಳಿಗೆ ಅದಕ್ಕಿಂತ ಹೆಚ್ಚು, ಚಿನ್ನಕ್ಕೆ ಇನ್ನೂ ಹೆಚ್ಚು. ಮೊಹೆಂಜೊದಾರೊದ ನರ್ತಕಿಯ ಕಂಚಿನ ಗೊಂಬೆ ಆಗಿದ್ದೂ ಹೀಗೇ. ಅಂದ್ರೆ ಸೋಮೇಶ್ವರನ ಕಾಲಕ್ಕೇ ಇದು ಹಳೇ ವಿದ್ಯೆ.

ಇದೇ ವಿದ್ಯೆ ಹಲ್ಲಿಗೆ ಬಂದದ್ದು 20ನೇ ಶತಮಾನದ ಹೊಸ್ತಿಲಲ್ಲಿ. ಅಮೆರಿಕದ ಇಲಿನಾಯ್ ರಾಜ್ಯದ ದಂತವೈದ್ಯ ವಿಲಿಯಂ ಟ್ಯಾಗರ್ಟ್ 1907ರಲ್ಲಿ ಮೇಣದ ಅಚ್ಚಿನಿಂದ ಚಿನ್ನ ಎರಕ ಹೊಯ್ಯುವ ಯಂತ್ರ ತೋರಿಸಿದ. ಪುಟ್ಟ ಅಚ್ಚಿಗೆ ಚಿನ್ನ ತಾನಾಗಿ ಇಳಿಯಲ್ಲ, ಹಾಗಾಗಿ ಗಾಳಿಯ ಒತ್ತಡ ಕೊಟ್ಟು ತಳ್ಳಿದ. ಪೇಟೆಂಟ್ ತಗೊಂಡ, ಫೀಸು ಕಟ್ಟದ ವೈದ್ಯರ ಮೇಲೆ ಕೇಸು ಹಾಕಿದ. ಕೋರ್ಟಲ್ಲಿ ಸೋತ. ಯಾಕಂದ್ರೆ ಅಯೋವಾದ ಒಂದು ಸಣ್ಣ ಊರಲ್ಲಿದ್ದ ಫಿಲ್‌ಬ್ರೂಕ್ ಅನ್ನೋ ದಂತವೈದ್ಯ ಹತ್ತು ವರ್ಷ ಮುಂಚೆಯೇ ಇದನ್ನ ಮಾಡಿ, ಬರೆದೂ ಇಟ್ಟಿದ್ದ. ಯಾರೂ ಗಮನಿಸಿರಲಿಲ್ಲ, ಅಷ್ಟೆ. ಡಾಕ್ಯುಮೆಂಟೇಶನ್ ಬರೆದ ಹಳ್ಳಿಯವನು ಕೊನೆಗೆ ಗೆದ್ದ ಕಥೆ ಅಂತ ನಂಗೆ ಒಳಗೊಳಗೇ ಖುಷಿ.

ಒಂದು ತೊಡಕು ಉಳಿದಿತ್ತು. ಕರಗಿದ ಚಿನ್ನ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತೆ. ವಿಗ್ರಹ ಎಳ್ಳಷ್ಟು ಸಣ್ಣದಾದ್ರೆ ದೇವರು ಬೇಜಾರಾಗಲ್ಲ, ಕ್ಯಾಪ್ ಸಣ್ಣದಾದ್ರೆ ಹಲ್ಲಿಗೆ ಕೂರೋದೇ ಇಲ್ಲ. ಮಣ್ಣಿನ ಬದಲು, ಕಾಯಿಸಿದಾಗ ಅಷ್ಟೇ ಪ್ರಮಾಣದಲ್ಲಿ ಹಿಗ್ಗುವ ಅಚ್ಚಿನ ಪುಡಿಗಳನ್ನ ಕಂಡುಹಿಡಿದ ಮೇಲೆ ಈ ಲೆಕ್ಕ ಸರಿಹೋಯ್ತು. ಅಲ್ಲಿಂದ ಮುಂದೆ ಚಿನ್ನದ ಕ್ಯಾಪ್ ಅಂದ್ರೆ ಬಾಯಿಯ ಮಟ್ಟಿಗೆ ಮುಗಿದ ಕೆಲಸ. ಒಳ್ಳೇ ಕೈಯಲ್ಲಿ ಮಾಡಿದ್ದು ದಶಕಗಟ್ಟಲೆ ಬಾಳ್ತಿತ್ತು.

ಹಾಗಾದ್ರೆ ಕಥೆ ಅಲ್ಲೇ ಯಾಕೆ ನಿಲ್ಲಲಿಲ್ಲ? ಬಾಯಿಗೆ ಬೇಕಾದದ್ದು ಒಂದು, ಮುಖಕ್ಕೆ ಬೇಕಾದದ್ದು ಇನ್ನೊಂದು. ಎಟ್ರುಸ್ಕನ್ ಹೆಂಗಸರಿಗೆ ಚಿನ್ನ ಕಾಣಬೇಕಿತ್ತು. ಆಧುನಿಕ ಕಾಲದ ಜನಕ್ಕೆ ಚಿಕಿತ್ಸೆ ಆಗಿದೆ ಅನ್ನೋದೇ ಕಾಣಬಾರದಾಯ್ತು.

ಆ ಆಸೆಯಿಂದ ಬಂದದ್ದು ಪಿಂಗಾಣಿ. 1774ರ ಸುಮಾರಿಗೆ ಪ್ಯಾರಿಸ್ ಹತ್ತಿರದ ಔಷಧ ವ್ಯಾಪಾರಿ ದುಶಾತೊ, ಬಾಯಲ್ಲಿದ್ದ ದಂತದ ಹಲ್ಲುಸೆಟ್ಟು ವಾಸನೆ ಬಂದು ಕಪ್ಪಾಗಿದ್ದಕ್ಕೆ ಬೇಸತ್ತು, ತನ್ನ ಅಂಗಡಿಯ ಪಿಂಗಾಣಿ ಭರಣಿಗಳನ್ನ ನೋಡಿದ. ಇವಕ್ಕೆ ಯಾವ ಔಷಧದ ಕಲೆಯೂ ಹತ್ತಲ್ವಲ್ಲ! ಪಿಂಗಾಣಿ ಕಾರ್ಖಾನೆಗೆ ಹೋಗಿ ಹಲ್ಲುಸೆಟ್ಟು ಸುಡಿಸಿದ. ಸುಟ್ಟಾಗ ಕುಗ್ಗಿ ಮೊದಮೊದಲು ಅಳತೆ ತಪ್ಪಿತು, ದಾರಿಯಂತೂ ತೆರೆಯಿತು. ಒಂದೊಂದೇ ಹಲ್ಲಿಗೆ ಪಿಂಗಾಣಿಯ ಕ್ಯಾಪ್ ಹಾಕೋ ವಿಧಾನ ತಂದವನು ಡೆಟ್ರಾಯಿಟ್‌ನ ಚಾರ್ಲ್ಸ್ ಲ್ಯಾಂಡ್, 1880ರ ದಶಕದ ಕೊನೆಗೆ. ತೆಳುವಾದ ಪ್ಲಾಟಿನಂ ಹಾಳೆಯನ್ನ ಹಲ್ಲಿನಾಕಾರಕ್ಕೆ ಒತ್ತಿ, ಅದರ ಮೇಲೆ ಪಿಂಗಾಣಿ ಬಳಿದು, ಕುಲುಮೆಯಲ್ಲಿ ಸುಟ್ಟು, ಹಾಳೆಯನ್ನ ಬಿಡಿಸಿಬಿಡೋದು. ಅಟ್ಲಾಂಟಿಕ್ ಸಾಗರವನ್ನ ಒಬ್ಬನೇ ವಿಮಾನದಲ್ಲಿ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್ ಗೊತ್ತಲ್ಲ, ಅವನ ತಾಯಿಯ ಅಪ್ಪನೇ ಈ ಲ್ಯಾಂಡ್.

ಲ್ಯಾಂಡನ ಕ್ಯಾಪ್ ನೋಡೋಕೆ ಥೇಟ್ ಹಲ್ಲು. ಆದರೆ ಪಿಂಗಾಣಿ ಬಟ್ಟಲು ಕೈಜಾರಿದ್ರೆ ಏನಾಗುತ್ತೆ? ಒತ್ತಿದರೆ ತಡೆಯುತ್ತೆ, ಎಳೆದರೆ, ಬಗ್ಗಿಸಿದರೆ ಸೀಳುತ್ತೆ. ಮುಂದಿನ ಹಲ್ಲಿಗೆ ನಡೀತಿತ್ತು. ದವಡೆಗೆ, ಹುಣಸೆ ಬೀಜ ಕಡಿಯೋ ನಮ್ಮವ್ವನಂಥವರಿಗೆ, ಆಗ್ತಿರಲಿಲ್ಲ.

ಸರಿ, ಎರಡನ್ನೂ ಸೇರಿಸೋಣ, ಒಳಗೆ ಲೋಹ ಹೊರಗೆ ಪಿಂಗಾಣಿ ಅಂದ್ರು. ಹೇಳೋಕೆ ಸುಲಭ. ಕುಲುಮೆಯಿಂದ ತೆಗೆದಾಗ ಲೋಹ ಹೆಚ್ಚು ಕುಗ್ಗುತ್ತೆ, ಪಿಂಗಾಣಿ ಕಮ್ಮಿ ಕುಗ್ಗುತ್ತೆ. ವ್ಯತ್ಯಾಸ ಜಾಸ್ತಿಯಾದ್ರೆ ಪಿಂಗಾಣಿ ಚಟ್ ಅಂತ ಬಿಡುತ್ತೆ. 1962ರಲ್ಲಿ ಅಮೆರಿಕದ ವೈನ್‌ಸ್ಟೈನ್ ಮತ್ತು ಜೊತೆಗಾರರ ಪೇಟೆಂಟು ಇದಕ್ಕೆ ದಾರಿ ಹೇಳಿತು. ಲ್ಯೂಸೈಟ್ ಅನ್ನೋ ಖನಿಜದ ಹರಳು ಹುಟ್ಟುವ ಹಾಗೆ ಪಿಂಗಾಣಿ ಮಾಡಿದ್ರೆ ಅದರ ಹಿಗ್ಗು-ಕುಗ್ಗು ಲೋಹದ ಹತ್ತಿರಕ್ಕೆ ಬರುತ್ತೆ. ಜಾಣತನ ಏನಂದ್ರೆ, ಪೂರ್ತಿ ಸಮ ಮಾಡಲ್ಲ. ಲೋಹ ಒಂದು ಚೂರು ಹೆಚ್ಚೇ ಕುಗ್ಗೋಕೆ ಬಿಡ್ತಾರೆ. ಎತ್ತಿನಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕೋದನ್ನ ನೋಡಿದ್ದೀರಾ? ಪಟ್ಟಿಯನ್ನ ಕೆಂಪಗೆ ಕಾಯಿಸಿ ಮರದ ಚಕ್ರಕ್ಕೆ ತೊಡಿಸಿ ನೀರು ಸುರೀತಾರೆ. ಪಟ್ಟಿ ಕುಗ್ಗಿ ಚಕ್ರವನ್ನ ಅಮುಕಿ ಹಿಡಿಯುತ್ತೆ. ಇಲ್ಲೂ ಕುಗ್ಗುವ ಲೋಹ ತನಗೆ ಅಂಟಿದ ಪಿಂಗಾಣಿಯನ್ನ ಅಮುಕುತ್ತೆ. ಅಮುಕಿದ ಪಿಂಗಾಣಿ ಸುಲಭಕ್ಕೆ ಸೀಳಲ್ಲ.

ನಮ್ಮ ಕಾರ್ಡಿನ 5,000ದ ಸಾಲು ಇದೇ. ದಶಕಗಟ್ಟಲೆ ಜಗತ್ತಿನ ದವಡೆಗಳನ್ನ ಆಳಿದ ಸಾಲು. ಇದರಲ್ಲೂ ಕೊರತೆ ಇತ್ತು. ಎರಡು ಪದರಕ್ಕೆ ಜಾಗ ಬೇಕು, ಅದಕ್ಕೆ ಹಲ್ಲನ್ನ ಒಂದೂವರೆಯಿಂದ ಎರಡು ಮಿಲಿಮೀಟರ್ ತೇಯಬೇಕು. ವಯಸ್ಸಾಗಿ ವಸಡು ಸರಿದರೆ ಅಂಚಲ್ಲಿ ಕಪ್ಪು ಗೆರೆ ಇಣುಕುತ್ತೆ. ಆಗಾಗ ಪಿಂಗಾಣಿಯ ಚಕ್ಕೆ ಏಳುತ್ತೆ.

ಆಮೇಲೆ ಬಂದ ಬದಲಾವಣೆಗೆ ಬಾಯಿಯೂ ಕಾರಣ ಅಲ್ಲ, ಮುಖವೂ ಅಲ್ಲ. 1971ರ ಆಗಸ್ಟ್ 15ರಂದು ಅಮೆರಿಕದ ಅಧ್ಯಕ್ಷ ನಿಕ್ಸನ್, ಡಾಲರ್ ಕೊಟ್ಟರೆ ಚಿನ್ನ ಕೊಡ್ತೀವಿ ಅನ್ನೋ ವಾಗ್ದಾನ ನಿಲ್ಲಿಸಿದ. ಔನ್ಸಿಗೆ 35 ಡಾಲರ್ ಅಂತ ಕಟ್ಟಿಹಾಕಿದ್ದ ಚಿನ್ನ ಹಗ್ಗ ಬಿಚ್ಚಿದ ಹೋರಿಯಾಯ್ತು. 1980ರ ಜನವರಿಯಲ್ಲಿ 850 ಡಾಲರ್ ಮುಟ್ಟಿತು. ದಂತಪ್ರಯೋಗಾಲಯಗಳು ಚಿನ್ನ ಬಿಟ್ಟು ನಿಕ್ಕಲ್-ಕ್ರೋಮಿಯಂ ಕಡೆ ತಿರುಗಿದವು. ಗಟ್ಟಿ, ಅಗ್ಗ, ತೆಳುವಾಗಿಯೂ ಮಾಡಬಹುದು. ಎರಕ ಸುಲಭವಾಗಲಿ ಅಂತ ಕೆಲವದ್ದಕ್ಕೆ ಬೆರಿಲಿಯಂ ಸೇರಿಸಿದ್ರು. ಅದರ ಧೂಳು ಕುಡಿದ ಲ್ಯಾಬಿನ ಕೆಲಸಗಾರರಲ್ಲಿ ಕೆಲವರಿಗೆ ಶ್ವಾಸಕೋಶದ ಕಾಯಿಲೆ ಬಂತು. ಇನ್ನು ನಿಕ್ಕಲ್. ಅದು ಕೆಲವರ ಮೈಗೆ ಆಗಲ್ಲ, ಅದರಲ್ಲೂ ಹೆಂಗಸರಲ್ಲಿ ಜಾಸ್ತಿ. ಕಿವಿ ಚುಚ್ಚಿಸಿ ಅಗ್ಗದ ಓಲೆ ಹಾಕಿದಾಗ ಶುರುವಾಗೋ ಅಲರ್ಜಿ.

ರಾತ್ರಿ ಹನ್ನೊಂದೂವರೆಗೆ ಈ ಸಾಲು ಓದ್ತಿದ್ದಾಗ ಕೈ ನಿಂತುಬಿಡ್ತು. ಅವ್ವ ಪಕ್ಕದ ಕೋಣೇಲಿ ಮಲಗಿದ್ಲು. ನಾನು ಹೈಸ್ಕೂಲಲ್ಲಿದ್ದಾಗ ಅಪ್ಪನ ಆಸ್ಪತ್ರೆ ಖರ್ಚಿಗೆ ಅವಳ ಚಿನ್ನದ ಓಲೆ ಗಿರವಿ ಹೋಗಿತ್ತು. ಜಾತ್ರೇಲಿ ತಗೊಂಡ ರೋಲ್ಡ್ ಗೋಲ್ಡ್ ಓಲೆ ಹಾಕ್ಕೊಂಡ್ಲು. ವಾರದಲ್ಲಿ ಕಿವಿ ಕೆಂಪಗೆ ಊದಿ ನೀರು ಸುರೀತು. ಆಮೇಲೆ ಒಲೆ ಉರಿಸೋ ಪೊರಕೆ ಕಡ್ಡಿ ಸಿಕ್ಕಿಸ್ಕೊಂಡೇ ಎರಡು ವರ್ಷ ಕಳೆದ್ಲು. ಯಾಕವ್ವ ಅಂದ್ರೆ “ನಂಗೆ ಒಡವೆ ಆಗಾಕಿಲ್ಲ ಬುಡು” ಅಂತಿದ್ಲು. ಬಡತನಕ್ಕೆ ಹೇಳಿದ ನೆಪ ಅಂದ್ಕೊಂಡಿದ್ದೆ. ಒಡವೆ ಆಗ್ತಿರಲಿಲ್ಲ ಅಂತಲ್ಲ. ಬಹುಶಃ ನಿಕ್ಕಲ್ ಆಗ್ತಿರಲಿಲ್ಲ.

ಉತ್ತರ ಯುರೋಪಿನಲ್ಲಿ ಇದೇ ತುರಿಕೆ ಕಥೆಯನ್ನ ಮುಂದಕ್ಕೆ ತಳ್ಳಿತು. ಸ್ವೀಡನ್ನಿನ ಮಾಟ್ಸ್ ಆಂಡರ್ಸನ್ 1980ರ ದಶಕದಲ್ಲಿ ನಿಕ್ಕಲ್ ಬಿಟ್ಟು ಟೈಟಾನಿಯಂ ಬಳಸೋಣ ಅಂತ ಹೊರಟ. ಟೈಟಾನಿಯಂ ಎರಕಕ್ಕೆ ಬಗ್ಗಲ್ಲ. ಹಾಗಾಗಿ ಎರಕವೇ ಬೇಡ, ಹಲ್ಲಿನ ಆಕಾರ ಅಳೆದು ಯಂತ್ರದಲ್ಲೇ ಕೊರೆಯೋಣ ಅಂದ. ಅದೇ ಪ್ರೊಸೆರಾ. ಮುಂದೆ ಲ್ಯಾಬಿನವರು ಸ್ಕ್ಯಾನ್ ಮಾಡಿದ ಫೈಲು ಕಳಿಸೋದು, ದೂರದ ಕಾರ್ಖಾನೆ ಮಾಡಿ ಪೋಸ್ಟಲ್ಲಿ ವಾಪಸ್ ಕಳಿಸೋದು ಶುರುವಾಯ್ತು. ಅದಕ್ಕೂ ಮುಂಚೆ ಫ್ರಾನ್ಸಿನ ಫ್ರಾನ್ಸ್ವಾ ದ್ಯುರೆ 1970ರ ದಶಕದಲ್ಲೇ ಬೆಳಕಿನಿಂದ ಹಲ್ಲಿನ ಅಚ್ಚು ತಗೊಳ್ಳೋ ಕನಸು ಬರೆದಿಟ್ಟಿದ್ದ. 1985ರ ಸೆಪ್ಟೆಂಬರಲ್ಲಿ ಜ್ಯೂರಿಕ್‌ನಲ್ಲಿ ದಂತವೈದ್ಯ ಮೋರ್ಮನ್, ಎಂಜಿನಿಯರ್ ಬ್ರಾಂಡೆಸ್ಟಿನಿ ಸೇರಿ ರೋಗಿ ಕುರ್ಚಿಯಲ್ಲಿ ಕೂತಿರುವಾಗಲೇ ಹಲ್ಲಿನ ಗುಳಿಗೆ ಪಿಂಗಾಣಿ ತುಂಡು ಕೊರೆದು ಕೂರಿಸಿದ್ರು.

ಮೇಣದ ಜಾಗಕ್ಕೆ ಸಾಫ್ಟ್‌ವೇರ್ ಬಂದದ್ದರಿಂದಲೇ ಜಿರ್ಕೋನಿಯಾಗೆ ಬಾಗಿಲು ತೆರೀತು. ಯಾಕಂದ್ರೆ ಅದನ್ನ ಎರಕ ಹೊಯ್ಯೋಕೆ ಆಗಲ್ಲ. 1789ರಲ್ಲಿ ಬರ್ಲಿನ್ನಿನ ಕ್ಲಾಪ್ರೋತ್ ಸಿಲೋನಿನ ಹರಳುಗಳಲ್ಲಿ ಕಂಡ ಜಿರ್ಕೋನಿಯಂನ ಆಕ್ಸೈಡ್ ಇದು. ಅದರ ಮೂಲವಾದ ಜಿರ್ಕಾನ್ ಕೇರಳದ ಚವರ ಕಡಲತೀರದ ಮರಳಲ್ಲೂ ಇದೆ. ಶುದ್ಧ ಜಿರ್ಕೋನಿಯಾ ಸುಟ್ಟು ಆರಿಸುವಾಗ ಹರಳಿನ ರೂಪ ಬದಲಿಸಿ, ಉಬ್ಬಿ, ತಾನೇ ಪುಡಿಯಾಗುತ್ತೆ. ಸ್ವಲ್ಪ ಇಟ್ರಿಯಾ ಸೇರಿಸಿದ್ರೆ ಆ ಬದಲಾವಣೆ ತಡೆದು ನಿಲ್ಲುತ್ತೆ, ಆದರೆ ಪೂರ್ತಿ ನಿಲ್ಲಲ್ಲ, ಕಾಯ್ತಾ ಇರುತ್ತೆ. ಎಲ್ಲಾದ್ರೂ ಬಿರುಕು ಹುಟ್ಟಿದ್ರೆ ಅದರ ತುದಿಯಲ್ಲಿರೋ ಹರಳುಗಳು ರೂಪ ಬದಲಿಸಿ ನೂರಕ್ಕೆ ನಾಲ್ಕು ಭಾಗದಷ್ಟು ಉಬ್ಬಿ ಬಿರುಕನ್ನ ಒತ್ತಿ ಮುಚ್ಚುತ್ತವೆ. ಮಳೆಗಾಲದಲ್ಲಿ ಊರಿನ ಮರದ ಬಾಗಿಲು ಉಬ್ಬಿ ಸಂದು ಮುಚ್ಚೋ ಹಾಗೆ. 1975ರಲ್ಲಿ ಆಸ್ಟ್ರೇಲಿಯಾದ ಮೂವರು ವಿಜ್ಞಾನಿಗಳು ಇದನ್ನ ಪ್ರಕಟಿಸಿದಾಗ ಉಕ್ಕಿಗೇ ಹೋಲಿಸಿದ್ರು.

ಈಗ ಮಾಡೋದು ಹೀಗೆ. ಸೀಮೆಸುಣ್ಣದಷ್ಟು ಮೆತ್ತಗಿರೋ ಜಿರ್ಕೋನಿಯಾ ಬಿಲ್ಲೆಯಲ್ಲಿ ಕ್ಯಾಪನ್ನ ಬೇಕಾದ್ದಕ್ಕಿಂತ ಸುಮಾರು ಐದನೇ ಒಂದು ಭಾಗ ದೊಡ್ಡದಾಗಿ ಕೊರೀತಾರೆ. 1,500 ಡಿಗ್ರಿ ಆಸುಪಾಸಲ್ಲಿ ಸುಟ್ಟಾಗ ಅದು ಕುಗ್ಗಿ ಸರಿಯಾದ ಅಳತೆಗೆ ಬರುತ್ತೆ. ದುಶಾತೊನನ್ನ ಕಾಡಿದ ಕುಗ್ಗುವಿಕೆಯೇ ಇದು, ಈಗ ಲೆಕ್ಕದೊಳಗೆ ಬಂದಿದೆ ಅಷ್ಟೆ.

2000ದ ಆಸುಪಾಸಿನ ಮೊದಲ ಜಿರ್ಕೋನಿಯಾ ಸುಣ್ಣ ಬಳಿದ ಗೋಡೆಯಷ್ಟು ಬಿಳಿ. ಚೆಂದಕ್ಕೆ ಮೇಲೆ ಪಿಂಗಾಣಿ ಬಳಿದ್ರು. ಆ ಪಿಂಗಾಣಿ ಚಕ್ಕೆ ಏಳತೊಡಗಿತು. ಹಳೇ ಬಗ್ ವಾಪಸ್! ಹಾಗಾಗಿ 2009ರ ಸುಮಾರಿಂದ ಪದರವೇ ಇಲ್ಲದ ಇಡೀ ಜಿರ್ಕೋನಿಯಾ ಕ್ಯಾಪ್ ಬಂತು. ಆಮೇಲೆ ಇಟ್ರಿಯಾ ಹೆಚ್ಚಿಸಿ ಗಾಜಿನ ಹೊಳಪು ತಂದ್ರು, ಬದಲಿಗೆ ಗಟ್ಟಿತನ ಸ್ವಲ್ಪ ಬಿಟ್ಟುಕೊಟ್ರು. ಮುಂದಿನ ಹಲ್ಲಿಗೆ ಆ ಬಗೆ, ದವಡೆಗೆ ಗಟ್ಟಿ ಬಗೆ.

ಇಷ್ಟು ಓದಿದ ಮೇಲೆ ಆ ಕಾರ್ಡು ನಂಗೆ ಬೇರೆ ಥರ ಕಂಡಿತು. ಅದು ಕೆಳಗಿಂದ ಮೇಲಕ್ಕೆ ಹತ್ತೋ ಮೆಟ್ಟಿಲಲ್ಲ. ಪ್ರತಿ ಸಾಲೂ ಯಾರದೋ ಒಂದು ತೊಂದರೆಗೆ ಕೊಟ್ಟ ಉತ್ತರ. ಒಬ್ಬನಿಗೆ ವಾಸನೆ, ಇನ್ನೊಬ್ಬನಿಗೆ ನಗು, ಮತ್ತೊಬ್ಬನಿಗೆ ಚಿನ್ನದ ರೇಟು, ಮಗದೊಬ್ಬಳಿಗೆ ತುರಿಕೆ. ನಮ್ಮ ತೊಂದರೆ ಯಾವುದು ಅಂತ ಗೊತ್ತಿಲ್ಲದೆ ದುಬಾರಿಯದನ್ನ ತಗೊಂಡ್ರೆ ಬೇರೆಯವರ ಉತ್ತರಕ್ಕೆ ನಾವು ದುಡ್ಡು ಕೊಟ್ಟ ಹಾಗೆ.

ವಾರ ಬಿಟ್ಟು ಹೋದಾಗ ಮೇಡಂಗೆ ಮೊದಲು ಕಿವಿ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಅವ್ವನ ಕಿವಿ ನೋಡಿದ್ರು. “ಒಳ್ಳೇದಾಯ್ತು ಹೇಳಿದ್ದು. ನಮ್ಮ ಮೆಟಲ್ ಕ್ಯಾಪು, ಸಿರಾಮಿಕ್ಕಿನ ಒಳಗಿರೋದು, ಎರಡೂ ನಿಕ್ಕಲ್ಲೇ. ಚರ್ಮಕ್ಕೆ ಆಗದಿದ್ದದ್ದು ಬಾಯಿಗೂ ಆಗಲ್ಲ ಅಂತ ಗ್ಯಾರಂಟಿ ಇಲ್ಲ, ಆದ್ರೆ ರಿಸ್ಕ್ ಯಾಕೆ?” ಚಿನ್ನದ್ದು ಮಾಡ್ತಾರಾ ಅಂದೆ. ಹೇಳಿದ್ರೆ ಮಾಡಿಸಿಕೊಡ್ತೀವಿ ಅಂದ್ರು.

ಅವ್ವ ನಕ್ಕುಬಿಟ್ಲು. “ಕಿವೀಗಿಲ್ದಿದ್ದ ಕಾಲ ನೋಡಿವ್ನಿ, ಈಗ ದವಡೇಗೆ ಚಿನ್ನ ಹಾಕ್ಸ್ಕೊಂಡು ಕೊಬ್ಬರಿ ಸುಲಿಯಾಕೆ ಹೋಗ್ಲಾ?”

18,000ದ್ದನ್ನ ನಾನೇ ಬಿಟ್ಟೆ. ಹಿಂದಿನ ಹಲ್ಲಿಗೆ ಮೇಲಿನ ಪದರದಿಂದ ಚಕ್ಕೆ ಏಳೋ ಅವಕಾಶ ಮಾತ್ರ ಸಿಗ್ತಿತ್ತು. ಪದರ ಇಲ್ಲದ ಜಿರ್ಕೋನಿಯಾ ಸಾಕು ಅಂದೆ. ಹಲ್ಲನ್ನೂ ಕಮ್ಮಿ ತೇಯ್ದರೆ ಆಗುತ್ತೆ. ತೇಯ್ದ ಹಲ್ಲು ಮತ್ತೆ ಬೆಳೆಯಲ್ಲ, ಅದೇ ಎಲ್ಲಕ್ಕಿಂತ ದುಬಾರಿ ವಸ್ತು. ಎದುರಿನ ಹಲ್ಲು ಸವೆಯದ ಹಾಗೆ ಮೇಲ್ಮೈಯನ್ನ ನುಣ್ಣಗೆ ಪಾಲಿಶ್ ಮಾಡಿಸಿ ಅಂತ ಕೇಳ್ಕೊಂಡೆ. ಬರೀ ಗ್ಲೇಜ್ ಬಳಿದದ್ದು ಸವೆದುಹೋದ ಮೇಲೆ ಒರಟಾಗಿ ಅರದ ಹಾಗೆ ಉಜ್ಜುತ್ತೆ. ಮೇಡಂ ತಲೆಯಾಡಿಸಿ, “ಇನ್ನೊಂದು ಮಾತು. ಯಾವುದೇ ಹಾಕಿಸಿ, ವಸಡಿನ ಅಂಚು ದಿನಾ ಉಜ್ಜಬೇಕು. ಕೆಡೋದು ಕ್ಯಾಪಲ್ಲ, ಅದರ ಅಡಿಯಲ್ಲಿರೋ ಹಲ್ಲು” ಅಂದ್ರು. ಎರಕದ ಕಾಲಕ್ಕಿಂತ ಮುಂಚಿನ ವೈದ್ಯರಿಗೆ ಗೊತ್ತಿದ್ದ ಅದೇ ಕೂದಲೆಳೆ ಸಂದಿನ ಮಾತು.

ಕ್ಯಾಪ್ ಕೂತು ಎಂಟು ತಿಂಗಳಾಯ್ತು. ಮೊನ್ನೆ ಊರಿಗೆ ಫೋನ್ ಮಾಡಿ ಹಲ್ಲು ಹೆಂಗಿದೆ ಅಂದೆ. “ಅಯ್ತೆ ಅಂತಾನೇ ಗೊತ್ತಾಗಾಕಿಲ್ಲ ಕಣಪ್ಪ” ಅಂದ್ಲು. ಹಿಂದೆ ಏನೋ ಕಟಕಟ ಅನ್ನೋ ಸದ್ದು ಕೇಳ್ತು.

“ಅವ್ವ, ಏನ್ ತಿಂತಿದ್ದೀಯ?”

ಫೋನ್ ಕಟ್ಟಾಯ್ತು.